ಸಂತಾಪ ಸಭೆಯ ಅಧ್ಯಕ್ಷರು

ವಾಯುವಿಹಾರಿಗಳ ಸಂಘಕ್ಕೆ ಶಿವಲೀಲಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಸಭೆಯ ಸಂದೇಶವನ್ನು ಅದೇ ತಯಾರಿಸಿ ಸದಸ್ಯರೆಲ್ಲರ ಮೊಬೈಲಿಗೆ ಕಳಿಸುತ್ತಿತ್ತು. ಹಿರಿಯ ಸದಸ್ಯ ಗುರುಸಿದ್ದಯ್ಯ ತೀರಿಕೊಂಡ ಮರುದಿನ ಬೆಳಿಗ್ಗೆ, ಅಂದು ಸಂಜೆಯ ಸಂತಾಪ ಸಭೆಯ ಸಂದೇಶ ಹೋಯಿತು. ಹಿಂದೆಯೇ ಸಂಘದ ಅಧ್ಯಕ್ಷ ಪುಟ್ಟಮಾದಯ್ಯನವರ ಫೋನ್ ಬಂತು.

“ಏನಮ್ಮಾ ಇದು? ನಾನು ಸತ್ತೋಗಿದ್ದೀನಂತೆ, ಗುರುಸಿದ್ದಯ್ಯ ಬಂದು ಅಧ್ಯಕ್ಷತೆ ವಹಿಸ್ತಾರಂತೆ!”

ಶಿವಲೀಲಾ ಕೋಡ್ ತೆರೆದು ನೋಡಿ ಹಣೆ ಚಚ್ಚಿಕೊಂಡಳು.

“ತಪ್ಪಾಯ್ತು ಸರ್. ಪ್ರೋಗ್ರಾಂ ಒಳಗಿನ ಫಂಕ್ಷನ್ನು ಎರಡು ಹೆಸರನ್ನ ಒಟ್ಟಿಗೆ ಕೊಡುತ್ತೆ. ಮೊದಲು ತೀರಿಕೊಂಡವರದು, ಆಮೇಲೆ ಅಧ್ಯಕ್ಷರದು. ನಾನು ಅಧ್ಯಕ್ಷರ ಹೆಸರು ತುಂಬಿಕೊಳ್ಳೋ ವೇರಿಯಬಲ್ಲನ್ನೇ ಮೊದಲು ಬರೆದುಬಿಟ್ಟೆ. ಹೆಸರು ಅದಲುಬದಲಾಯ್ತು.”

“ನಿನ್ನ ಫಂಕ್ಷನ್ ಮನೆ ಹಾಳಾಗ! ಮೊದಲು ನನ್ನ ಬದುಕಿಸು!”

“ಈಗಲೇ ತಿದ್ದಿ ಕಳಿಸ್ತೀನಿ ಸರ್, ಒಂದೇ ನಿಮಿಷ.”

ಅತ್ತ ಕಡೆ ಮೊಬೈಲಿಗೆ ಒಂದರ ಹಿಂದೊಂದು ಸಂದೇಶ ಬಂದು ಬೀಳುವ ಸದ್ದು ಕೇಳಿತು; ಪುಟ್ಟಮಾದಯ್ಯ ಒಂದೊಂದನ್ನೇ ಗುನುಗುತ್ತಾ ಓದಿಕೊಂಡರು. ಮತ್ತೆ ಮಾತಾಡಿದಾಗ ಅಧ್ಯಕ್ಷರ ದನಿ ಮೆತ್ತಗಾಗಿತ್ತು.

“ಸ್ವಲ್ಪ ತಡಿಯಮ್ಮ. ನನ್ನ ಕಂಡ್ರೆ ಮುಖ ತಿರುಗಿಸ್ತಿದ್ದ ಉಪಾಧ್ಯಕ್ಷನೇ ಸಂಘದ ಗ್ರೂಪಲ್ಲಿ ನನ್ನನ್ನ ಅಜಾತಶತ್ರು ಅಂತ ಬರೆದಿದ್ದಾನೆ. ಸಂಜೆ ಭಾಷಣ ಎಲ್ಲಾ ಮುಗೀಲಿ, ಆಮೇಲೆ ಕಳಿಸು.”