ಕರುವುಗಲ್ಲಿನ ಸುತ್ತ ಒಂದು ಗೇಣು

ಹಸಿ ಸಿಮೆಂಟಿನ ವಾಸನೆಯಲ್ಲೇ ದಿನ ಕಳೆಯುವ ಗಾರೆಯವನು ನಾನು. ಆದರೂ ಯಾವುದಾದರೂ ಓಣಿಯಲ್ಲಿ ಕಾಂಕ್ರೀಟ್ ಸುರಿಯುವಾಗೆಲ್ಲ ನಮ್ಮಜ್ಜಿ ಕಣ್ಣೆದುರು ಬಂದು ಕೂರುತ್ತಾಳೆ.

ಶ್ರೀರಾಂಪುರದ ಆಚೆಗಿರುವ ನಮ್ಮೂರಿನಲ್ಲಿ, ನಾನಿನ್ನೂ ಹುಡುಗನಾಗಿದ್ದಾಗ, ಒಂದು ಮಧ್ಯಾಹ್ನ ಪಂಚಾಯ್ತಿ ರಸ್ತೆಯ ಕೆಲಸ ನಡೆದಿತ್ತು. ಓಣಿಯ ನಡುವೆ ಮೊಣಕಾಲೆತ್ತರದ ಕರುವುಗಲ್ಲು. ಊರು ಕಟ್ಟಿದ ದಿನ ಹಿರಿಯರು ಮೊದಲು ನೆಟ್ಟಿದ್ದು ಅದನ್ನೇ. ಪೂಜೆಗೆ ಹೆಂಗಸರು ಹುಯ್ಯುವ ನೀರು, ಅರಿಶಿನ, ಎಣ್ಣೆ ಕುಡಿದು ಕುಡಿದು ನುಣ್ಣಗೆ ಕಪ್ಪಾಗಿತ್ತು.

"ಹಾರೆ ಹಾಕಿ ಕೀಳ್ರೋ ಅದನ್ನ," ಎಂದ ಕಂಟ್ರಾಕ್ಟರ್.

ಅಜ್ಜಿ ಗೋಣಿಚೀಲ ತಂದು ಕಲ್ಲಿನ ಮಗ್ಗುಲಿಗೇ ಹಾಸಿ, ಮೊರ ತೊಡೆಯ ಮೇಲಿಟ್ಟುಕೊಂಡು ಹುರುಳಿ ಹಸನು ಮಾಡುತ್ತಾ ಕುಳಿತಳು. ಅದನ್ನು ನೋಡಿದ್ದೇ ತಡ, ಅಕ್ಕಪಕ್ಕದ ಹೆಂಗಸರೂ ಶೇಂಗಾ ಬುಟ್ಟಿ ಹಿಡಿದು ಬಂದು ಸುತ್ತ ಕುಳಿತರು.

"ಏಳಜ್ಜಿ, ಕಲಸಿದ ಮಾಲು ಗಟ್ಟಿಯಾಗ್ತೈತೆ."

"ಆಗ್ಲೇಳಪ್ಪ. ನಾವೇನು ಮೆತ್ತಗಿದೀವಾ?"

"ಒಂದು ಕಲ್ಲಿಗೆ ಇಷ್ಟು ರಂಪನಾ? ಊರಾಚೆ ಗುಡಿತಾವ ನೆಡಿಸ್ತೀನಿ ಬಿಡು."

"ನಿಮ್ಮನೆ ಪಾಯದ ಕಲ್ಲು ಕಿತ್ತು ಹಿತ್ತಲಲ್ಲಿ ನೆಡು, ಮನೆ ನಿಲ್ತೈತೇನು ನೋಡಾಣ. ಇದನ್ನ ನೆಟ್ಟ ಮೇಲೇ ಲೇ, ನಮ್ಮೂರಿಗೊಂದು ಹೆಸರು ಬಂದಿದ್ದು."

ಹೆಂಗಸರು ಕಿಸಕ್ಕನೆ ನಕ್ಕರು. ಅತ್ತ ಬಾಣಲಿಯ ಅಂಚಿನಲ್ಲಿ ಮಾಲು ಆಗಲೇ ಬಿಳಿಚಿಕೊಳ್ಳುತ್ತಿತ್ತು. ಕಂಟ್ರಾಕ್ಟರ್ ಅದನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದ. ಕೊನೆಗೆ, ಕಲ್ಲಿನ ಸುತ್ತ ಇಟ್ಟಿಗೆ ಇಟ್ಟು ಅಷ್ಟು ಜಾಗ ಬಿಟ್ಟು ಸುರಿಯಿರಿ ಎಂದು ಗೊಣಗಿದ.

ಗಾರೆಯವರು ಇಟ್ಟಿಗೆ ಜೋಡಿಸಿದರು. ಅಜ್ಜಿ ಮೊರ ಕೊಡವಿ ಎದ್ದವಳು ಒಂದು ಇಟ್ಟಿಗೆಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದಳು.

"ಇನ್ನೊಂದು ಗೇಣು ಬಿಡ್ರಪ್ಪ. ಕಲ್ಲಿಗೆ ನೀರು ಹುಯ್ಯೋಕೆ ನಾವು ನಿಂತ್ಕೊಳ್ಳೋದೆಲ್ಲಿ?"