ಸೋಮವಾರದ ತಾಯಿ

ಸ್ಟೇಷನ್ ರಸ್ತೆಯ ಸರ್ಕಾರಿ ಆಸ್ಪತ್ರೆಯ ಸುಲೋಚನಾ ಸಿಸ್ಟರ್‌ಗೆ ಸೋಮವಾರ ಬಂತೆಂದರೆ ತಲೆ ಕೆಡುತ್ತಿತ್ತು...

ಅಂದು ಹದಿಹರೆಯದ ಹುಡುಗಿಯರನ್ನು ನೋಡುವ ದಿನ, ಆ ಕೋಣೆ ಅವರದು. ರೈಲ್ವೆ ಪ್ಲಾಟ್‌ಫಾರ್ಮ್‌ನಲ್ಲೇ ಮಲಗಿ ಏಳುವ ಹುಡುಗಿಯರೂ ಅಲ್ಲಿಗೆ ಬರುತ್ತಿದ್ದರು.

ಬರುವುದೇನೋ ಸರಿ... ಬರುವುದು ಯಾವಾಗ? ಮುಟ್ಟಿನ ತೊಂದರೆ, ಸೋಂಕು, ಉರಿ ಎಲ್ಲ ಕೈ ಮೀರಿದ ಮೇಲೆ!

ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿ ಕೇಳಿ ಸಿಸ್ಟರ್‌ಗೆ ಬಾಯಿ ನೋವು ಬಂದಿತ್ತು. ಗೋಡೆಗೆ ಚಾರ್ಟ್ ಹಚ್ಚಿದರು, ಸ್ಟೇಷನ್‌ಗೇ ಹೋಗಿ ಭಾಷಣ ಮಾಡಿದರು... ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಅವರದು ಒಂದೇ ನಿಯಮ. ಹುಡುಗಿಯ ಜೊತೆ ತಾಯಿ ಬರಬೇಕು. ಮೇಲಿನವರು ಯಾರೂ ಹೇಳಿದ್ದಲ್ಲ, ಗುಳಿಗೆ ಕೊಡುವುದು ಹೇಗೆಂದು ಮನೆಯಲ್ಲಿ ದೊಡ್ಡವರೊಬ್ಬರಿಗೆ ಗೊತ್ತಿರಲಿ ಎಂದು ತಾವೇ ಮಾಡಿದ್ದು.

ಆ ಸೋಮವಾರ ಪರ್ವೀನ್ ಎಂಬ ಹುಡುಗಿ ಬಂದಳು. ಹದಿನೈದರ ಪ್ರಾಯ, ಮುಖದಲ್ಲಿ ರಕ್ತವೇ ಇಲ್ಲ. ಮುಟ್ಟು ಶುರುವಾಗಿ ಮೂರು ವಾರವಾದರೂ ನಿಂತಿರಲಿಲ್ಲ.

ಜೊತೆಗೆ ರೈಲಿನಲ್ಲಿ ಬಾಚಣಿಗೆ, ಪಿನ್ನು ಮಾರುವ ದುರುಗವ್ವ ಎಂಬ ಮುದುಕಿ. ತಾನೇ ಇವಳ ತಾಯಿ ಎಂದಳು.

ಸಿಸ್ಟರ್ ಕನ್ನಡಕ ಸರಿಮಾಡಿಕೊಂಡು ನೋಡಿದರು... ಹೋದ ಸೋಮವಾರ ಈಕೆಯೇ ಯಲ್ಲವ್ವ ಎಂಬ ಹುಡುಗಿಯ ತಾಯಿ. ಅದರ ಹಿಂದಿನ ಸೋಮವಾರ ಸಲೋಮಿಯ ತಾಯಿ!

ಸಿಸ್ಟರ್‌ಗೆ ರೇಗಿಹೋಯಿತು. ಇದೇನು ನಾಟಕದ ಕಂಪನಿಯೇ ಎಂದು ದಬಾಯಿಸಿ, ಹೆತ್ತ ತಾಯಿಯನ್ನು ಕರೆದುಕೊಂಡು ಬಾ ಎಂದು ಪರ್ವೀನಳನ್ನು ಹೊರಗೆ ಕಳಿಸಿದರು.

ಹುಡುಗಿ ಗೋಡೆ ಹಿಡಿದುಕೊಂಡು ಹೋದಳು...

ದುರುಗವ್ವ ಮಾತ್ರ ಕದಲಲಿಲ್ಲ.

"ತಾಯಿ ಇದ್ದಿದ್ರ ಅವು ಸ್ಟೇಷನ್ನಿನ್ಯಾಗ ಯಾಕ ಮಲಗತಿದ್ವು ರೀ, ಸಿಸ್ಟರ್?"

"ಹಂಗಂತ ಸುಳ್ಳು ಹೇಳೋದೇನು? ಬ್ಯಾನಿ ಶುರು ಆದ ಕೂಡ್ಲೆ ಬರಾಕ ಇವರಿಗೇನು ಧಾಡಿ?"

"ಇಬ್ಬರನ್ನ ಕೂಡಿ ಕರಕೊಂಡು ಬಂದ್ರ ನೀವು ಗುರ್ತ ಹಿಡೀತೀರಿ ಅಂತ, ಸೋಮವಾರಕ್ಕ ಒಬ್ಬಾಕಿನ್ನ ಕರಕೊಂಡು ಬರತೀನ್ರಿ. ಎಲ್ಲಾರಿಗೂ ಇರಾಕಿ ತಾಯಿ ನಾ ಒಬ್ಬಾಕಿ... ಈಕಿ ಪಾಳಿ ಇವತ್ತ ಬಂತು."

ಸಿಸ್ಟರ್ ಪರ್ವೀನ್ ಹೋದ ಬಾಗಿಲ ಕಡೆ ತಿರುಗಿದರು...

ಮೈಯಿಂದ ರಕ್ತ ಹೋಗುತ್ತಿದ್ದರೂ ಆ ಮಗು ಒಬ್ಬ ತಾಯಿಗಾಗಿ ಪಾಳಿ ಕಾದಿತ್ತು. ತಡ ಮಾಡಿದ್ದು ಅವಳಲ್ಲ, ತಾವು ಮಾಡಿದ ನಿಯಮ.

ಸಿಸ್ಟರ್ ಓಡಿದರು. ಪರ್ವೀನ್ ಗೇಟಿನ ಬಳಿ ಕುಸಿದು ಕೂತಿದ್ದಳು. ಅವಳನ್ನು ಎತ್ತಿಕೊಂಡೇ ಡಾಕ್ಟರ ಕೋಣೆಗೆ ನುಗ್ಗಿದರು.

ಇವಳ ಜೊತೆ ಯಾರು ಬಂದಿದ್ದಾರೆ ಎಂದು ಡಾಕ್ಟರು ಕೇಳಿದರು.

"ತಾಯಿ ಬಂದೀನ್ರಿ, ಸರ್. ಮೊದ್ಲು ಹುಡುಗಿನ್ನ ನೋಡ್ರಿ," ಎಂದರು ಸುಲೋಚನಾ ಸಿಸ್ಟರ್. ಕಣ್ಣು ತುಂಬಿ ಬಂದಿತ್ತು, ಸಿಟ್ಟೂ ಇಳಿದಿರಲಿಲ್ಲ. ಆದರೆ ಆ ಸಿಟ್ಟು ಈಗ ತಮ್ಮ ಮೇಲೆಯೇ.

ಪರ್ವೀನ್ ಚೇತರಿಸಿಕೊಂಡಳು. ತಾಯಿ ಬೇಕಿಲ್ಲ, ಯಾವತ್ತಾದರೂ ಬನ್ನಿ ಎಂದು ಸಿಸ್ಟರ್ ಸ್ಟೇಷನ್ನಿಗೆ ಹೇಳಿಕಳಿಸಿದರು. ಮರುವಾರ, ಅದೂ ಒಂದು ಗುರುವಾರ, ಯಲ್ಲವ್ವ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಹೊಟ್ಟೆನೋವು ಶುರುವಾಗಿದ್ದು ಅದೇ ಬೆಳಿಗ್ಗೆಯಂತೆ.

"ಇಷ್ಟಕ್ಕ ಓಡಿ ಬಂದ್ಯಾ?" ಎಂದು ಗೊಣಗುತ್ತಲೇ ಸಿಸ್ಟರ್ ಅವಳ ಕೈ ಹಿಡಿದು ಒಳಗೆ ಕೂರಿಸಿಕೊಂಡರು...

*ತಡವಾಗಿ ಬಂದವರನ್ನು ಬೈಯುವ ಮೊದಲು, ಅವರನ್ನು ಬಾಗಿಲಲ್ಲಿ ತಡೆದದ್ದು ಏನೆಂದು ನೋಡೋಣ.*

ನಾವು ಒಳ್ಳೆಯದಕ್ಕೆಂದೇ ಮಾಡಿದ ಯಾವ ನಿಯಮ, ಇವತ್ತು ಯಾರನ್ನು ಹೊರಗೆ ಪಾಳಿಯಲ್ಲಿ ನಿಲ್ಲಿಸಿದೆ?