ನೀಲವ್ವನ ತಿಜೋರಿ

ವಿಡಿಯೋ ಗೇಮುಗಳ ಪ್ರಾಣಿಗಳು ಗದಗಿಗೆ ಬಂದು ನೆಲೆಸಿದ ಮೇಲೆ ಕೀಲಿ ರಿಪೇರಿಯವರಿಗೆ ಕೆಲಸ ಉಳಿಯಲಿಲ್ಲ. ಎಲ್ಲರೂ ತಮ್ಮ ಬಂಗಾರವನ್ನು ಆ ಪ್ರಾಣಿಗಳಲ್ಲೊಂದಾದ, ಹಲ್ಲು, ನಾಲಿಗೆಗಳಿರುವ ಜೀವಂತ ತಿಜೋರಿಗೇ ತಿನ್ನಿಸುತ್ತಿದ್ದರು. ಮನೆಯ ಹೆಂಗಸು ಎದುರು ನಿಂತು ಮನಸಾರೆ ಬೈದರಷ್ಟೇ ಅದು ಬಾಯಿ ತೆರೆಯುತ್ತಿತ್ತು. ಬೈಯದೆ ಮುಟ್ಟಿದವರನ್ನು ನುಂಗಿಬಿಡುತ್ತಿತ್ತು. ನುಂಗಿದ್ದು ಕಳ್ಳನನ್ನಾದರೂ ಅವನು ಒಳಗೆ ಕೆಡದೆ ಇರುತ್ತಿದ್ದ. ಪೊಲೀಸರು ಬಂದು, ಬೈಸಿ, ಕರೆದುಕೊಂಡು ಹೋಗುತ್ತಿದ್ದರು.

ನೀಲವ್ವನ ಮನೆಯ ತಿಜೋರಿ, ಅತ್ತೆ ಗುರುಬಸವ್ವನಿಗೆ ಗಂಟಲು ಕಟ್ಟಿ ಬೈಯಲಾಗದ ದಿನ ಅವಳನ್ನೇ ನುಂಗಿತ್ತು. ಎರಡು ವರ್ಷವಾದರೂ ತೆಗೆಸಲು ಯಾರೂ ಅವಸರ ಮಾಡಿರಲಿಲ್ಲ.

ಇವತ್ತು ಮಗಳ ಮದುವೆ. ಅಕ್ಕಿಕಾಳು ಬೀಳಲು ಅರ್ಧ ತಾಸಿತ್ತು, ಬಂಗಾರವೆಲ್ಲ ಒಳಗಿತ್ತು.

"ಸ್ವಲ್ಪ ಬಾಯಿ ತಗೀಯಪ್ಪಾ," ಎಂದಳು ನೀಲವ್ವ. ತಿಜೋರಿ ಆಕಳಿಸಲೂ ಇಲ್ಲ.

"ಹಂಗಲ್ಲಬೇ! ಅಜ್ಜಿ ಬೈತಿದ್ಲಲ್ಲ, ಹಂಗ ಬೈ," ಎಂದಳು ಮದುಮಗಳು ದಾಕ್ಷಾಯಣಿ.

ಇಪ್ಪತ್ತೆಂಟು ವರ್ಷ ಯಾರಿಗೂ ಎದುರಾಡದ ನೀಲವ್ವನಿಗೆ ಬೈಗುಳವೇ ಹೊಳೆಯಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಅತ್ತೆಯನ್ನು ನೆನೆದಳು.

"ಹೊಟ್ಟಿಬಾಕಿ! ನನ್ನ ತವರಿನ ಸೀರಿ ನಿನ್ನ ಮಗಳಿಗೆ ಕೊಟ್ಟಿ! ನಾ ಮಾಡಿದ ಸಾರು ನಾಯಿಗೆ ಹಾಕಿ, ಅದಕ್ಕೂ ಸೇರಲಿಲ್ಲ ಅಂತ ಓಣಿ ತುಂಬ ಹೇಳಿಕೊಂಡು ಬಂದಿ!"

ತಿಜೋರಿ ಹೆದರಿ ಬಾಯಿ ತೆರೆಯಿತು. ಅದರ ನಾಲಿಗೆಯ ಮೇಲೆ, ಬಂಗಾರದ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಗುರುಬಸವ್ವ ಕುಳಿತಿದ್ದಳು.

"ಎಲ್ಲಾ ಕೇಳಿಸ್ತು," ಎಂದಳು.

ನೀಲವ್ವನಿಗೆ ಬೈದ ಬಿಸಿ ಇನ್ನೂ ಆರಿರಲಿಲ್ಲ. ಕೈಚಾಚಿ ಗಂಟನ್ನು ಎತ್ತಿಕೊಂಡಳು.

"ಚಲೋ ಆತ್ರಿ ಅತ್ತಿ. ಫೋಟೋ ತಗಿಯೂವಾಗ ಕರೀತೇನಿ, ಅಲ್ಲೀತನಕ ಒಳಗ ಕೂಡ್ರಿ," ಎಂದು ತಿಜೋರಿಯ ಬಾಯಿ ಮುಚ್ಚಿದಳು.